ಸಂಜೆಯ ಜಪವೂ ನೀರಿನ ಸರದಿಯೂ

ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಹಾದುಹೋಗುವ ದಾರಿಗನಿಗೆ, ತೋಟದ ನಡುವಣ ಹಂಚಿನ ಮನೆಯಿಂದ ಹಲವು ಕಂಠಗಳು ಒಂದೇ ಏರಿಳಿತದಲ್ಲಿ ಹೇಳುವ ಪ್ರಾರ್ಥನೆಯು ಕೇಳಿಬರುವುದುಂಟು. ಒಬ್ಬರು ಅರ್ಧವನ್ನು ಹೇಳುವರು. ಉಳಿದವರು ಮಿಕ್ಕ ಅರ್ಧವನ್ನು ಪೂರೈಸುವರು. ನಡುನಡುವೆ ಮಗುವಿನ ಆಕಳಿಕೆಯೂ, ಅಡಿಗೆಮನೆಯಲ್ಲಿ ಉಕ್ಕುವ ಗಂಜಿಯ ಸದ್ದೂ, ಅದನ್ನು ಇಳಿಸಲು ಓಡುವ ಗೃಹಿಣಿಯ ಹೆಜ್ಜೆಯೂ ಸೇರಿಕೊಳ್ಳುವುವು. ಇದೇ ಕಥೊಲಿಕ ಕ್ರೈಸ್ತರ ಮನೆಯ ಸಾಯಂಕಾಲದ ಜಪ. ಕನ್ನಡದಲ್ಲಿ ಇದಕ್ಕೆ ಜಪಸರದ ಪ್ರಾರ್ಥನೆಯೆಂದು ಹೆಸರು. ನಮ್ಮ ಮನೆಮಾತಾದ ಕೊಂಕಣಿಯಲ್ಲಿ ತೇರ್ಸ್ ಎನ್ನುವೆವು. ಶಬ್ದದ ಬೆನ್ನು ಹತ್ತುವುದು ಹಳೆಯ ಪಂಡಿತರ ಚಾಳಿಯಾದುದರಿಂದ ಒಂದು ಮಾತು ಹೇಳಿಬಿಡುವೆವು: ತೇರ್ಸ್ ಎಂಬುದು ಪೋರ್ತುಗೀಸ್ ಭಾಷೆಯ 'ಮೂರನೆಯ ಒಂದು ಪಾಲು' ಎಂಬ ಅರ್ಥದ ಶಬ್ದದಿಂದ ಬಂದುದು. ಪೂರ್ಣ ಜಪಸರದಲ್ಲಿ ಹದಿನೈದು ದಶಕಗಳಿದ್ದು, ದಿನವೊಂದಕ್ಕೆ ಐದನ್ನು ಹೇಳುತ್ತಿದ್ದುದರಿಂದ ಈ ಹೆಸರು. 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಇನ್ನೂ ಐದನ್ನು ಸೇರಿಸಿದ ಮೇಲೆ ಲೆಕ್ಕದ ಪ್ರಕಾರ ಅದು ಕಾಲು ಪಾಲಾಗಿರುವುದು. ಆದರೂ ಹೆಸರನ್ನು ಯಾರೂ ತಿದ್ದಲಿಲ್ಲ.

ಜಪವು ಮುಗಿದೊಡನೆ ಮಕ್ಕಳು ಎದ್ದು ಕೈಜೋಡಿಸಿಕೊಂಡು ಅಜ್ಜ ಅಜ್ಜಿಯರಿಂದ ಮೊದಲ್ಗೊಂಡು ಹಿರಿಯರೆಲ್ಲರ ಮುಂದೆ ನಿಂತು ಆಶೀರ್ವಾದವನ್ನು ಬೇಡುವರು. ಹಗಲೆಲ್ಲ ಪೆಟ್ಟು ತಿಂದ ಹುಡುಗನೂ ಕೊಟ್ಟ ತಂದೆಯ ಮುಂದೆ ಹೀಗೆಯೇ ನಿಲ್ಲಬೇಕು, ತಂದೆಯೂ ಆಶೀರ್ವದಿಸಲೇಬೇಕು. ಮುನಿಸನ್ನು ಮರುದಿನಕ್ಕೆ ಒಯ್ಯಗೊಡದ ಈ ಪದ್ಧತಿಯನ್ನು ಕಟ್ಟಿಕೊಟ್ಟ ಪೂರ್ವಜರು ಮನೆಯ ಸ್ವಭಾವವನ್ನು ಬಲ್ಲವರೆಂದೇ ನಾವು ತಿಳಿದಿರುವೆವು. ಈಚೆಗೆ ಮನೆಗಳು ಬರಿದಾಗಿವೆ. ನಮ್ಮ ಹಿರಿಯ ಮಗನು ಕುವೈತಿನಲ್ಲಿರುವನು. ಇಲ್ಲಿ ಸಂಜೆ ಏಳೂವರೆಯಾದಾಗ ಅಲ್ಲಿ ಐದು ಗಂಟೆ. ಶುಕ್ರವಾರಗಳಲ್ಲಿ ದೂರವಾಣಿಯ ಪರದೆಯನ್ನು ಪೀಠದ ಮುಂದೆ ಒರಗಿಸಿಟ್ಟು ಅವನ ಮಕ್ಕಳನ್ನೂ ಜಪದಲ್ಲಿ ಕೂಡಿಸಿಕೊಳ್ಳುವೆವು. ಅವರ ಉತ್ತರವು ಒಂದು ಕ್ಷಣ ತಡವಾಗಿ ಬರುವುದರಿಂದ ಶ್ರುತಿ ಕೆಡುವುದು. ಕೆಟ್ಟರೂ ಇರಲಿ ಎಂದು ನಡೆಸಿದ್ದೇವೆ.

ಅನ್ಯಮತಸ್ಥರಾದ ವಾಚಕರು ಕ್ರೈಸ್ತರ ಧರ್ಮವೆಂದರೆ ಭಾನುವಾರ ಇಗರ್ಜಿಗೆ ಹೋಗುವುದೆಂದು ಭಾವಿಸುವುದು ಸಹಜ. ಕ್ರೈಸ್ತರಲ್ಲಿಯೂ ಹಾಗೆಯೇ ಭಾವಿಸಿದವರು ಕಡಮೆಯಿಲ್ಲ. ಆದರೆ ಈ ಧರ್ಮವು ಮೊದಲು ನೆಲೆಗೊಂಡುದು ಮನೆಗಳಲ್ಲಿಯೇ. ಡೇರೆಗಳನ್ನು ಹೊಲಿದು ಜೀವನ ಮಾಡುತ್ತಿದ್ದ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ ಭಕ್ತರ ಸಭೆಯು ಕೂಡುತ್ತಿದ್ದುದನ್ನು ಸಂತ ಪೌಲರ ಪತ್ರಗಳಿಂದ ತಿಳಿಯಬಹುದು. ಸಿರಿಯಾ ದೇಶದಲ್ಲಿ ಯೂಫ್ರೆಟಿಸ್ ನದಿಯ ದಡದ ದೂರಾ-ಯೂರೋಪಸ್ ಎಂಬಲ್ಲಿ 1930ರ ದಶಕದಲ್ಲಿ ನೆಲವನ್ನು ಅಗೆದಾಗ, ಮೂರನೆಯ ಶತಮಾನದಲ್ಲಿ ಪ್ರಾರ್ಥನಾಮಂದಿರವಾಗಿ ಮಾರ್ಪಡಿಸಿದ ಸಾಧಾರಣವಾದ ವಾಸದ ಮನೆಯೊಂದು ದೊರೆಯಿತು. ನಾಲ್ಕನೆಯ ಶತಮಾನದ ಸಂತ ಜಾನ್ ಕ್ರಿಸೊಸ್ತೊಮರು ಮನೆಯನ್ನು ಕಿರಿಯ ಇಗರ್ಜಿಯೆಂದೇ ಕರೆದರು. 1964ರ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ತನ್ನ ಶಾಸನದಲ್ಲಿ ಆ ಭಾವವನ್ನೇ ಎತ್ತಿಕೊಂಡು, ತಂದೆತಾಯಿಗಳೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರಾಗಬೇಕೆಂದಿತು.

ಗುಡಿಯೂ ಗುರುವೂ ಇಲ್ಲದೆ ಮನೆಯೊಂದರಿಂದಲೇ ಧರ್ಮವು ಎಷ್ಟು ಕಾಲ ಬದುಕಬಲ್ಲುದು? ಜಪಾನ್ ದೇಶದಲ್ಲಿ 1614ರಲ್ಲಿ ಕ್ರೈಸ್ತಧರ್ಮವು ನಿಷಿದ್ಧವಾಯಿತು. 1644ರ ಬಳಿಕ ಅಲ್ಲಿ ಒಬ್ಬ ಗುರುವೂ ಉಳಿಯಲಿಲ್ಲ. ಆದರೂ ನಾಗಾಸಾಕಿಯ ಸುತ್ತಣ ಹಳ್ಳಿಗಳ ರೈತರೂ ಬೆಸ್ತರೂ ಗುಟ್ಟಾಗಿ ಶಿಶುಗಳಿಗೆ ಜ್ಞಾನಸ್ನಾನವನ್ನು ಕೊಡುತ್ತ, ಹಬ್ಬಗಳ ತಿಥಿಗಳನ್ನು ಲೆಕ್ಕ ಹಾಕುತ್ತ, ಬಾಯಿಂದ ಬಾಯಿಗೆ ಪ್ರಾರ್ಥನೆಗಳನ್ನು ದಾಟಿಸುತ್ತ ಬಂದರು. 1865ರ ಮಾರ್ಚ್ 17ರಂದು, ಹೊಸದಾಗಿ ಕಟ್ಟಿದ್ದ ಔರಾ ದೇವಾಲಯಕ್ಕೆ ಕೆಲವರು ಬಂದು, ತಮ್ಮ ಹೃದಯವೂ ಗುರುಗಳ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿ, ಮರಿಯಮ್ಮನವರ ಪ್ರತಿಮೆಯು ಎಲ್ಲಿರುವುದೆಂದು ಕೇಳಿದರು. ಇನ್ನೂರು ವರ್ಷಗಳಿಗೂ ಮಿಕ್ಕಿ ಅಡಿಗೆಮನೆಯೂ ಮಲಗುವ ಕೋಣೆಯೂ ಮಾತ್ರವೇ ಅವರ ಇಗರ್ಜಿಯಾಗಿದ್ದವು.

ನಾವು ಬಾಲ್ಯದಲ್ಲಿ ಸಂಸ್ಕೃತಪಾಠಕ್ಕೆ ಕುಳಿತಾಗ ಗೃಹಸ್ಥನ ಪಂಚಮಹಾಯಜ್ಞಗಳ ವಿಚಾರವನ್ನು ಓದಿದೆವು. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಎಂಬ ಐದು ವಸ್ತುಗಳಿಂದ ಗೃಹಸ್ಥನಿಗೆ ಅರಿಯದೆಯೇ ದೋಷವು ತಗಲುವುದೆಂದೂ, ಅದರ ಪರಿಹಾರಾರ್ಥವಾಗಿ ದಿನವೂ ಐದು ಯಜ್ಞಗಳು ವಿಧಿಸಲ್ಪಟ್ಟಿವೆಯೆಂದೂ ಮನುವು ಹೇಳುವನು. ಕ್ರೈಸ್ತನ ಸಿದ್ಧಾಂತವು ಬೇರೆ. ಅದನ್ನು ಇದರೊಡನೆ ಬೆರೆಸುವುದು ನಮ್ಮ ಉದ್ದೇಶವಲ್ಲ. ಆದರೆ ಪಾಪವು ಹುಟ್ಟುವುದು ದೊಡ್ಡ ರಣರಂಗದಲ್ಲಲ್ಲ, ಮನೆಯ ಒಲೆಯ ಬಳಿಯಲ್ಲಿಯೂ ನೀರಿನ ಕೊಡದ ಬಳಿಯಲ್ಲಿಯೂ ಎಂಬ ಆ ಎಣಿಕೆಯು ನಮಗೆ ಅಂದಿನಿಂದಲೂ ಬಹಳ ನಿಜವೆಂದು ತೋರಿರುವುದು. ನೀರಿನ ಕೊಡದ ಸುದ್ದಿಯನ್ನು ಮುಂದೆ ಹೇಳುವೆವು.

ನಮ್ಮ ತಾಯಿಯವರು ಅಕ್ಕಿಯನ್ನು ತೊಳೆಯುವ ಮೊದಲು ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದರು. ವಾರದ ಕೊನೆಗೆ ಅದು ಬಡವರ ಮನೆಗೆ ಸೇರುತ್ತಿತ್ತು. ಅಂಥದೇ ಪದ್ಧತಿಯು ಬೇರೆ ನಾಡಿನಲ್ಲಿಯೂ ಉಂಟು. ಮಿಜೋರಾಮಿನ ಕ್ರೈಸ್ತ ಸ್ತ್ರೀಯರು 1910ರಿಂದ ಪ್ರತಿ ಅಡಿಗೆಯ ವೇಳೆಗೂ ಒಂದು ಹಿಡಿ ಅಕ್ಕಿಯನ್ನು ಎತ್ತಿಟ್ಟು ಸಭೆಗೆ ಒಪ್ಪಿಸುತ್ತ ಬಂದಿರುವರು. ಆ ಹಿಡಿ ಅಕ್ಕಿಯಿಂದಲೇ ಅಲ್ಲಿಯ ಧರ್ಮಕಾರ್ಯಗಳೆಷ್ಟೋ ನಡೆದುಬಂದಿವೆ. ಹದಿನೇಳನೆಯ ಶತಮಾನದ ಪ್ಯಾರಿಸಿನಲ್ಲಿ ಸಹೋದರ ಲಾರೆನ್ಸರೆಂಬವರು ಮಠವೊಂದರ ಅಡಿಗೆಯವರಾಗಿದ್ದರು. ಪಾತ್ರೆಗಳ ಗದ್ದಲದ ನಡುವೆಯೂ ದೇವರು ದೇವಾಲಯದಲ್ಲಿದ್ದಷ್ಟೇ ತಮಗೆ ಸಮೀಪನೆಂದು ಅವರು ಕಂಡುಕೊಂಡಿದ್ದರು. ಇದನ್ನು ನಾವು ಒಮ್ಮೆ ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಧರ್ಮಪತ್ನಿಯವರು, "ಅವರಿಗೆ ಮಕ್ಕಳಿರಲಿಲ್ಲವಲ್ಲ," ಎಂದರು.

ಮಕ್ಕಳಿದ್ದವರ ದೃಷ್ಟಾಂತವೂ ಇಲ್ಲದಿಲ್ಲ. ಫ್ರಾನ್ಸ್ ದೇಶದ ಅಲಾಂಸೋನ್ ಪಟ್ಟಣದ ಲೂಯಿ ಮಾರ್ತೆನ್ ಗಡಿಯಾರ ರಿಪೇರಿಯ ಕಸಬಿನವರು; ಅವರ ಪತ್ನಿ ಝೆಲಿ ಕಸೂತಿಯ ಜಾಲರಿಯನ್ನು ನೇಯಿಸುವ ವ್ಯಾಪಾರವನ್ನು ನಡೆಸುತ್ತಿದ್ದರು. 1858ರಲ್ಲಿ ಮದುವೆ; ಒಂಬತ್ತು ಮಕ್ಕಳು; ಅವರಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಝೆಲಿಯವರು 1877ರಲ್ಲಿ ಸ್ತನದ ಅರ್ಬುದರೋಗದಿಂದ ಮೃತರಾದರು. ಲೂಯಿಯವರು ವೃದ್ಧಾಪ್ಯದಲ್ಲಿ ಬುದ್ಧಿ ಕದಡಿ ಕೆಲವು ವರ್ಷ ಆಸ್ಪತ್ರೆಯಲ್ಲಿರಬೇಕಾಯಿತು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು; ಕಿರಿಯವಳೇ ಲೋಕಪ್ರಸಿದ್ಧಳಾದ ಸಂತ ತೆರೇಸಾ. 2015ರ ಅಕ್ಟೋಬರ್ 18ರಂದು ಈ ದಂಪತಿಗಳಿಬ್ಬರನ್ನೂ ಒಟ್ಟಿಗೇ ಸಂತರೆಂದು ಸಾರಲಾಯಿತು. ಗಂಡಹೆಂಡಿರು ಜೊತೆಯಾಗಿ ಈ ಪದವಿಗೇರಿದುದು ಇದೇ ಮೊದಲು. ಇವರ ಚರಿತ್ರೆಯಲ್ಲಿ ಪವಾಡಕ್ಕಿಂತ ಹೆಚ್ಚಾಗಿ ಲೆಕ್ಕದ ಪುಸ್ತಕ, ದಾದಿಯರ ಚಿಂತೆ, ಕಾಯಿಲೆ, ಕೂಲಿಯವರ ಸಂಬಳ, ಇವೇ ತುಂಬಿವೆ. ಲೂಯಿಯವರು ಭಾನುವಾರ ಅಂಗಡಿಯನ್ನು ತೆರೆಯುತ್ತಿರಲಿಲ್ಲ; ನಷ್ಟವಾದರೂ ತೆರೆಯಲಿಲ್ಲ.

ಈ ಭಾನುವಾರದ ಮಾತು ಬಂದುದರಿಂದ, ಇಷ್ಟರವರೆಗೆ ಇತರರ ಮನೆಗಳನ್ನು ತೋರಿಸಿದ ನಾವು ನಮ್ಮ ಮನೆಯ ಬಾಗಿಲನ್ನೂ ತೆರೆಯಬೇಕಾಗಿರುವುದು.

ನಮ್ಮ ತಂದೆಯವರೂ ಭಾನುವಾರದ ನಿಯಮವನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಅಂದು ತೋಟಕ್ಕೆ ನೀರು ಬಿಡುತ್ತಿರಲಿಲ್ಲ, ಆಳುಗಳಿಗೂ ಬಿಡುವು. ಅವರು ತೀರಿಕೊಂಡ ಬಳಿಕ ನಮಗೂ ತಮ್ಮನಿಗೂ ಪಾಲಾಯಿತು. ಬಾವಿಯೂ ಪಂಪಿನ ಶೆಡ್ಡೂ ಸಮಾನವಾದವು. ಪಾಲುಪಟ್ಟಿಯಲ್ಲಿ ನೀರಿನ ಸರದಿಯನ್ನು ಸೋಮವಾರದಿಂದ ಬುಧವಾರದವರೆಗೆ ನಮಗೆಂದೂ, ಗುರುವಾರದಿಂದ ಶನಿವಾರದವರೆಗೆ ತಮ್ಮನಿಗೆಂದೂ ಬರೆಯಲಾಯಿತು. ಭಾನುವಾರವನ್ನು ಯಾರೂ ಬರೆಯಲಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಕಾಣಲಿಲ್ಲ.

ಹತ್ತು ವರ್ಷಗಳ ಹಿಂದೆ ಒಂದು ಬೇಸಗೆಯಲ್ಲಿ ಬಿಸಿಲು ಅತಿಯಾಯಿತು. ತಮ್ಮನು ಹೊಸದಾಗಿ ಅಡಿಕೆಯ ಸಸಿಗಳನ್ನು ನೆಟ್ಟಿದ್ದನು. ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಪೂಜೆಯಿಂದ ಮರಳುವಾಗ ಪಂಪಿನ ಸದ್ದು ಕೇಳಿಸಿತು. ತಂದೆಯವರ ನಿಯಮ ಮುರಿಯಿತೆಂದೂ, ದೇವರ ದಿನಕ್ಕೆ ಅಪಚಾರವಾಯಿತೆಂದೂ ನಾವು ಕೋಪಗೊಂಡೆವು. ಆ ಕೋಪದಲ್ಲಿ ದೇವರ ಪಾಲೆಷ್ಟು, ಬಾವಿಯ ನೀರಿನ ಪಾಲೆಷ್ಟು ಎಂಬುದನ್ನು ಅಳೆಯಲು ಆಗ ನಮಗೆ ಮನಸ್ಸಿರಲಿಲ್ಲ. ವಿದ್ಯುತ್ತಿನ ಸಂಪರ್ಕವು ನಮ್ಮ ಹೆಸರಿನಲ್ಲಿತ್ತು. ಮುಂದಿನ ಶನಿವಾರ ರಾತ್ರಿ ಶೆಡ್ಡಿಗೆ ಹೋಗಿ ಫ್ಯೂಜನ್ನು ಕಿತ್ತು ತಂದು ಮೇಜಿನ ಖಾನೆಯಲ್ಲಿಟ್ಟು, ಶೆಡ್ಡಿಗೆ ಬೀಗವನ್ನೂ ಹಾಕಿದೆವು.

ಮರುದಿನ ಇಗರ್ಜಿಯ ಅಂಗಳದಲ್ಲಿ ಹತ್ತು ಜನರ ಮುಂದೆ ತಮ್ಮನು ನಮ್ಮನ್ನು ತಡೆದನು. ಮನೆಯಲ್ಲಿ ನಾವು ಆಡುವುದು ಕೊಂಕಣಿಯಾದರೂ ಅವನು ಬೇಕೆಂದೇ ಕನ್ನಡದಲ್ಲಿ, "ಪಂಡಿತರೇ, ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನ ಎತ್ತಬಹುದಂತೆ. ಬಾವಿಯ ನೀರನ್ನು ಮಾತ್ರ ಎತ್ತಬಾರದೋ?" ಎಂದನು. ಲೂಕನ ಶುಭಸಂದೇಶದಲ್ಲಿ ಪ್ರಭುವು ಫರಿಸಾಯರಿಗೆ ಹಾಕಿದ ಪ್ರಶ್ನೆಯನ್ನೇ ಅವನು ನಮ್ಮ ಮೇಲೆ ಪ್ರಯೋಗಿಸಿದ್ದನು. ಮೂವತ್ತು ವರ್ಷ ಯಮಕವನ್ನೂ ಶ್ಲೇಷೆಯನ್ನೂ ಪಾಠ ಹೇಳಿದ ನಮಗೆ, ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟ ತಮ್ಮನು ಅಷ್ಟು ಸೊಗಸಾದ ಶಬ್ದಾಲಂಕಾರವನ್ನು ಪ್ರಯೋಗಿಸಿದುದೇ ಇನ್ನಷ್ಟು ಉರಿಯನ್ನು ತಂದಿತು. ಜನರು ನಕ್ಕರು. ನಾವು ಅಲ್ಲಿಂದ ಹೊರಟುಬಂದೆವು.

ಅವನೂ ಛಲಗಾರನೇ. ತನ್ನ ಮೂರು ದಿನಗಳ ನೀರನ್ನೂ ಅಂದಿನಿಂದ ಮುಟ್ಟಲಿಲ್ಲ. ಸೊಸೈಟಿಯಲ್ಲಿ ಸಾಲ ಮಾಡಿ ಕೊಳವೆಬಾವಿಯನ್ನು ಕೊರೆಸಿದನು. ಆದರೆ ಅದು ಆಗುವಷ್ಟರಲ್ಲಿ ಜೂನ್ ಬಂದಿತು. ನಡುವಣ ದಿನಗಳಲ್ಲಿ ಅವನ ಹೆಂಡತಿಯು ತೋಡಿನ ಗುಂಡಿಯಿಂದ ಕೊಡದಲ್ಲಿ ನೀರು ಹೊತ್ತು ಸಸಿಗಳಿಗೆ ಹೊಯ್ದಳೆಂದೂ, ಹಾಗಿದ್ದೂ ಅರುವತ್ತು ಸಸಿಗಳು ಒಣಗಿದುವೆಂದೂ ನಮಗೆ ಕೇಳಿಬಂದಿತು. ನಾವು ಕೇಳಿದೆವು, ಸುಮ್ಮನಿದ್ದೆವು.

ಹೀಗೆ ಒಂಬತ್ತು ವರ್ಷಗಳು ಕಳೆದುವು. ಒಂದೇ ಇಗರ್ಜಿಯಲ್ಲಿ ಅವನು ಎಡಗಡೆ, ನಾವು ಬಲಗಡೆ. ಮನೆಯಲ್ಲಿ ಒಂದು ಸಂಜೆಯೂ ಜಪವು ತಪ್ಪಲಿಲ್ಲ; ಹೇಳಿಸುವವರು ನಾವೇ. ಒಂದು ತೇರ್ಸಿನಲ್ಲಿ ಪ್ರಭುವು ಕಲಿಸಿದ ಪ್ರಾರ್ಥನೆಯು ಆರು ಬಾರಿ ಬರುವುದು. ಇತರರಿಗೆ ನಾವು ಮಾಡುವ ಕ್ಷಮೆಯನ್ನೇ ಅಳತೆಗೋಲಾಗಿ ಮುಂದಿಟ್ಟು ನಮ್ಮ ತಪ್ಪುಗಳಿಗೆ ಕ್ಷಮೆಯನ್ನು ಬೇಡುವ ಭಾಗವು ಅದರಲ್ಲಿಯೇ ಇರುವುದು. ಮೇಷ್ಟರ ಬುದ್ಧಿಯಿಂದ ಒಮ್ಮೆ ಲೆಕ್ಕ ಹಾಕಿದೆವು: ಒಂಬತ್ತು ವರ್ಷಕ್ಕೆ 19,710 ಬಾರಿ. ಅಷ್ಟು ಬಾರಿ ನಾವು ನಮ್ಮ ಮೇಲೆಯೇ ತೀರ್ಪನ್ನು ಬೇಡಿಕೊಂಡಿದ್ದೆವು.

ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನ. ನಮ್ಮ ಕರಾವಳಿಯಲ್ಲಿ ಅದು ತೆನೆಹಬ್ಬವೂ ಹೌದು. ಕೊಂಕಣಿಯಲ್ಲಿ ಮೊಂತಿ ಫೆಸ್ತ್ ಎನ್ನುವರು. ಒಂಬತ್ತು ದಿನ ಮಕ್ಕಳು ಮನೆಯಂಗಳದ ಹೂಗಳನ್ನು ಕೊಯ್ದು ತಂದು ಬಾಲಮರಿಯಮ್ಮನವರಿಗೆ ಅರ್ಪಿಸುವರು. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಹಂಚುವರು. ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಆ ತೆನೆಯ ಕಾಳುಗಳನ್ನು ಸುಲಿದು ಅರೆದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಎಲ್ಲರೂ ಒಟ್ಟಿಗೆ ಕುಳಿತು, ಹಿರಿಯರ ಕೈಯಿಂದ ಮೊದಲು ಅದನ್ನು ಸೇವಿಸುವರು. ಬಳಿಕ ಬಾಳೆಲೆಯ ಮೇಲೆ ತರಕಾರಿಯ ಊಟ. ಪಲ್ಯಗಳ ಎಣಿಕೆಯು ಬೆಸವಾಗಿರಬೇಕು. ನಮ್ಮ ನೆರೆಯ ತುಳುವರ ಮನೆಗಳಲ್ಲಿಯೂ ಹೊಸ ಅಕ್ಕಿಯ ಊಟವುಂಟು. ವೇದಕಾಲದವರಿಗೆ ಆಗ್ರಯಣೇಷ್ಟಿಯಿತ್ತು, ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಪ್ರಥಮಫಲದ ಅರ್ಪಣೆಯ ವಿಧಿಯಿರುವುದು. ಮಣ್ಣಿನಿಂದ ಅನ್ನವನ್ನು ಪಡೆದವರು ಎಲ್ಲಿದ್ದರೂ ಮೊದಲ ತುತ್ತನ್ನು ತಮ್ಮದೆನ್ನಲು ಅಂಜಿರುವರು. ನಮ್ಮಲ್ಲಿ ಇನ್ನೊಂದು ಕ್ರಮವಿದೆ: ಊರಲ್ಲಿಲ್ಲದ ಮನೆಮಂದಿಯ ಪಾಲನ್ನು ತೆಗೆದಿಡಬೇಕು.

ಕಳೆದ ವರ್ಷ ಹಬ್ಬದ ಹಿಂದಿನ ಸಂಜೆ ನೀರು ಕುಡಿಯಲೆಂದು ಅಡಿಗೆಮನೆಗೆ ಹೋದಾಗ, ಪತ್ನಿಯವರು ಮುಚ್ಚಳವಿರುವ ಒಂದು ಸಣ್ಣ ತೂಕುಪಾತ್ರೆಯನ್ನು ಬೆಳಗಿ ಒರೆಸುತ್ತಿದ್ದರು. ಅದು ಯಾರಿಗೆಂದು ಕೇಳಿದೆವು. ತಮ್ಮನ ಮನೆಗೆಂದರು. ಪ್ರತಿವರ್ಷವೂ ಹಾಲಿನ ಹುಡುಗನ ಕೈಯಲ್ಲಿ ಹೊಸತಿನ ಪಾಲನ್ನು ಕಳುಹಿಸುತ್ತಿದ್ದರಂತೆ. ಪಾತ್ರೆಯು ಬರಿದಾಗಿ ಮರಳುತ್ತಿರಲಿಲ್ಲ. ಅವರ ಮನೆಯ ಪಾಯಸವು ತುಂಬಿ ಬರುತ್ತಿತ್ತು. ಆ ಪಾಯಸವನ್ನು ಒಂಬತ್ತು ವರ್ಷವೂ ನಾವು ನಮ್ಮ ಮನೆಯದೆಂದೇ ಉಂಡಿದ್ದೆವು! ನಮಗೇಕೆ ತಿಳಿಸಲಿಲ್ಲವೆಂದು ಕೇಳಿದುದಕ್ಕೆ ಅವರು ಪಾತ್ರೆಯಿಂದ ಕಣ್ಣೆತ್ತದೆ ಇಷ್ಟೇ ಹೇಳಿದರು: "ತೇರ್ಸಿನಲ್ಲಿ ಕ್ಷಮೆಯ ಮಾತು ಬಂದಾಗ ನಿಮ್ಮ ಸ್ವರ ಇಳಿಯುತ್ತದೆ. ನಿಮಗೆ ತಿಳಿದಿಲ್ಲವೇನೋ. ಮಕ್ಕಳಿಗೂ ತಿಳಿದಿದೆ."

ಅಂದಿನ ಜಪದಲ್ಲಿ ನಾವು ನಮ್ಮ ಸ್ವರವನ್ನು ಕಾದೆವು. ಮೊದಲನೆಯ ಬಾರಿಗೇ ಅದು ಇಳಿಯಿತು. ಎರಡನೆಯ ಬಾರಿಗೆ ಏರಿಸಿ ಹೇಳಲು ಹೋದೆವು, ಮಾತು ಕಟ್ಟಿತು. ಜಪವನ್ನು ಮುಂದುವರಿಸುವಂತೆ ಸೊಸೆಗೆ ಸನ್ನೆ ಮಾಡಿ ಎದ್ದೆವು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂಬ ಪ್ರಭುವಿನ ಆಜ್ಞೆಯನ್ನು ನಾವು ಎಷ್ಟೋ ಮಕ್ಕಳಿಗೆ ವಿವರಿಸಿದ್ದೆವು. ಮೇಜಿನ ಖಾನೆಯಿಂದ ಫ್ಯೂಜನ್ನು ತೆಗೆದು ಜೇಬಿಗೆ ಹಾಕಿ, ಕೊಡೆಯನ್ನೂ ಬ್ಯಾಟರಿಯನ್ನೂ ಹಿಡಿದು ಹೊರಟೆವು. ತೋಡಿನ ಸಂಕವನ್ನು ದಾಟುವಾಗ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆವು. ಸಾಕಷ್ಟು ಗಂಭೀರವಾದ ವಾಕ್ಯಗಳೇ ಸಿದ್ಧವಾಗಿದ್ದವು.

ನಾಯಿ ಬೊಗಳಿತು. ತಮ್ಮನು ಜಗಲಿಗೆ ಬಂದು ದೀಪ ಹಾಕಿದನು. ನಮ್ಮನ್ನು ಕಂಡು ಒಂದು ಗಳಿಗೆ ನಿಂತನು. ಆಮೇಲೆ ಕೊಂಕಣಿಯಲ್ಲಿ, "ಮಳೆಯಲ್ಲಿ ಯಾಕೆ ನಿಂತಿದ್ದೀ ಅಣ್ಣಾ, ಒಳಗೆ ಬಾ," ಎಂದನು. ಜೋಡಿಸಿದ ವಾಕ್ಯಗಳೊಂದೂ ನೆನಪಾಗಲಿಲ್ಲ. ಫ್ಯೂಜನ್ನು ತೆಗೆದು ಅವನ ಕೈಗಿಟ್ಟು, "ಇದನ್ನು ಕಿತ್ತದ್ದು ತಪ್ಪಾಯಿತು," ಎಂದೆವು. ಅವನು ಅದನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಇಂಥದ್ದು ಈಗ ಸಿಗುವುದಿಲ್ಲ," ಎಂದು ಕಿಟಕಿಯ ದಂಡೆಯ ಮೇಲಿಟ್ಟನು. ಅವನ ಹೆಂಡತಿಯು ಬಾಗಿಲವರೆಗೆ ಬಂದು, ನಮ್ಮನ್ನು ನೋಡಿ, ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅವರ ಮನೆಯ ಜಪವು ಆಗಷ್ಟೇ ಆರಂಭವಾಗಬೇಕಾಗಿತ್ತು. ನಾವೂ ಮೊಣಕಾಲೂರಿದೆವು. ತಮ್ಮನು ಅರ್ಧವನ್ನು ಹೇಳಿದನು, ಉಳಿದರ್ಧವನ್ನು ನಾವು ಹೇಳಿದೆವು. ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಬೀಳುತ್ತಿದ್ದುದರಿಂದ ಯಾರ ಸ್ವರವೂ ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಮರುದಿನ ತಮ್ಮನೂ ಅವನ ಇಬ್ಬರು ಮಕ್ಕಳೂ ನಮ್ಮ ಮನೆಯಲ್ಲಿ ಬಾಳೆಲೆಗೆ ಕುಳಿತರು. ಅವನ ಹೆಂಡತಿ ಬರಲಿಲ್ಲ. ತೂಕುಪಾತ್ರೆಯು ಎಂದಿನಂತೆ ಹೋಗಿಬಂದಿತು. ನೀರಿನ ವ್ಯವಹಾರವು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಮೊಣಕಾಲೂರಿದ ಮಾತ್ರಕ್ಕೆ ಪಾಲುಪಟ್ಟಿಯು ತಿದ್ದಿಹೋಗುವುದಿಲ್ಲವಷ್ಟೆ. ನಮ್ಮ ವಾಳೆಯ ಗುರಿಕಾರರು ನಾಲ್ಕು ತಿಂಗಳಲ್ಲಿ ಐದು ಸಲ ಬಂದು ಕುಳಿತರು. ಎರಡು ಸಲ ಸ್ವರಗಳು ಏರಿದುವು. ಕಡೆಗೆ ಜನವರಿಯಲ್ಲಿ ಭಾನುವಾರದ ನೀರು ತಮ್ಮನಿಗೆಂದು ಬರೆದು ಸಹಿ ಹಾಕಿದೆವು. ಅವನ ಕೊಳವೆಬಾವಿಯ ನೀರು ಬೇಸಗೆಯಲ್ಲಿ ಇಳಿಯುವುದರಿಂದ ಅದು ಅವನಿಗೆ ಬೇಕೇ ಇತ್ತು. ಕೊಳವೆಬಾವಿಯ ಸಾಲದಲ್ಲಿ ಉಳಿದಿದ್ದ ಭಾಗವನ್ನು ನಾವು ಕಟ್ಟುವೆವೆಂದೆವು. ಅವನು ಒಪ್ಪಲಿಲ್ಲ. ಒಣಗಿದ ಸಸಿಗಳ ಜಾಗದಲ್ಲಿ ಮರುವರ್ಷ ನೆಟ್ಟವು ಈಗ ಫಸಲಿಗೆ ಬಂದಿವೆ.

ಅವನ ಹೆಂಡತಿಯು ಇಂದಿಗೂ ನಮ್ಮೊಡನೆ ಮಾತನಾಡುವುದಿಲ್ಲ. ಇಗರ್ಜಿಯ ಮೆಟ್ಟಿಲಲ್ಲಿ ಎದುರಾದರೆ ನಮ್ಮ ಪತ್ನಿಯವರೊಡನೆ ಎರಡು ಮಾತಾಡಿ, ನಮ್ಮ ಕಡೆಗೆ ನೋಡದೆ ಹೋಗುವಳು. ತಮ್ಮನ ಕ್ಷಮೆಯನ್ನು ಬೇಡಿದ ನಾವು, ಕೊಡ ಹೊತ್ತವಳ ಮುಂದೆ ಇನ್ನೂ ಬಾಯಿ ತೆರೆದಿಲ್ಲ. ಎರಡು ಬಾರಿ ಹೊರಟು ಅಂಗಳದಿಂದಲೇ ಮರಳಿದ್ದೇವೆ.

ಈ ಬೇಸಗೆಯಲ್ಲಿ ಭಾನುವಾರ ಬೆಳಗ್ಗೆ ಆರು ಗಂಟೆಗೇ ಪಂಪಿನ ಸದ್ದು ಕೇಳಿಸತೊಡಗುವುದು. ಕಳೆದ ವಾರ ಕೇಳಿಸಲಿಲ್ಲ. ಪೂಜೆಗೆಂದು ಬಿಳಿಯ ಪಂಚೆಯನ್ನು ಉಟ್ಟಿದ್ದವರು ಹಾಗೆಯೇ ಹೋಗಿ ನೋಡಿದೆವು. ತಮ್ಮನು ಮಂಗಳೂರಿನ ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಲು ಹಿಂದಿನ ದಿನವೇ ಹೋಗಿದ್ದನು. ಅವನ ಹೆಂಡತಿಯೊಬ್ಬಳೇ ಶೆಡ್ಡಿನ ಬಳಿ ನಿಂತಿದ್ದಳು. ಪಂಪು ತಿರುಗುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಪೈಪನ್ನು ಮೇಲಕ್ಕೆ ಎಳೆದೆವು. ಒಂದು ತುದಿಯನ್ನು ಅವಳೂ ಹಿಡಿದಳು. ಫುಟ್‌ವಾಲ್ವಿನಲ್ಲಿ ಹಲಸಿನ ಎಲೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಪೈಪನ್ನು ಇಳಿಸಿ, ಅವಳು ತಂದ ಕೊಡದಿಂದ ನೀರು ತುಂಬಿಸಿ, ಪಂಪು ಹಾಕಿದೆವು. ನೀರು ಬಂದಿತು. ನಾವು ಇಗರ್ಜಿಯನ್ನು ಮುಟ್ಟುವಾಗ ಪ್ರವಚನವು ಮುಗಿದಿತ್ತು.